ಪಾಸ್‌ವರ್ಡ್ ಮರೆತವರ ಖೈರುನಕ್ಕ

ಬೆಳಗಿನ ಆರೂಕಾಲು. ಶಿರಹಟ್ಟಿಯ ಪದವಿ ಕಾಲೇಜೊಂದರ ಹಿಂಬದಿಯ ಕೋಣೆಯಲ್ಲಿ ಖೈರುನಬಿ ಒಂದು ಕೈಯಲ್ಲಿ ಕಸಬರಿಗೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಅದು ಕಣ್ಣು ಬಿಡುವಷ್ಟರಲ್ಲಿ ನೆಲ ಗುಡಿಸಿ ಮುಗಿದಿರುತ್ತದೆ. ಹದಿನಾಲ್ಕು ಕಂಪ್ಯೂಟರುಗಳಲ್ಲಿ ನಡೆಯುವುದು ಒಂಬತ್ತು. ಆ ಒಂಬತ್ತರಲ್ಲಿ ಎರಡನ್ನು ಕೆಳಗಿನ ಡಬ್ಬಿಗೆ ಒಂದು ಏಟು ಕೊಟ್ಟೇ ಎಬ್ಬಿಸಬೇಕು.

ಕಾಲೇಜು ಶುರುವಾಗುವುದು ಹತ್ತಕ್ಕೆ. ಆದರೆ ವಿಶ್ವವಿದ್ಯಾಲಯದ ಪೋರ್ಟಲ್ ಹೆಚ್ಚಿನ ದಿನ ಹತ್ತರ ನಂತರ ಜಪ್ಪಯ್ಯ ಎಂದರೂ ತೆರೆಯುವುದಿಲ್ಲ. ಪರೀಕ್ಷಾ ಅರ್ಜಿ, ಅಂಕಪಟ್ಟಿ, ಪ್ರವೇಶಪತ್ರ ಎಲ್ಲವೂ ಅದರೊಳಗೇ ಕೂತಿವೆ. ಹೀಗಾಗಿ ಪಕ್ಕದ ಊರು ಮಾಗಡಿಯ ಕಡೆಯಿಂದ ಬರುವ ಮೊದಲ ಬಸ್ಸಿನಲ್ಲೇ ಮಕ್ಕಳು ಬಂದಿಳಿಯುತ್ತಾರೆ. "ಎಂಟರೊಳಗ ಆದ್ರ ಆತು. ಇಲ್ಲಂದ್ರ ಆ ಚಕ್ರ ತಿರುಗೋದು ನೋಡಕೋತ ಕುಂಡ್ರಬೇಕ್ರಿ" ಎನ್ನುತ್ತಾರೆ ಖೈರುನಬಿ.

ಮೊದಲು ಬಂದವನು ಬಿ.ಎ. ಎರಡನೇ ವರ್ಷದ ಅಝೀಮ. ಮೊಬೈಲಿನಲ್ಲಿ ಹಾಡಿಗೆ ಹಾಡು ಕೂಡಿಸಿ, ಮೂರು ಬಣ್ಣದ ಅಕ್ಷರ ಹಾರಿಸಿ ವಿಡಿಯೊ ಮಾಡುವ ನಿಪುಣ. ಹಿಂದೊಮ್ಮೆ ಇವನಿಗೆ ಪ್ರಬಂಧವೊಂದನ್ನು ಪೋರ್ಟಲ್ಲಿಗೆ ಏರಿಸುವಂತೆ ಹೇಳಿದ್ದರು. ಇವನು ಕಂಪ್ಯೂಟರಿನ ಪರದೆಯನ್ನೇ ಮೊಬೈಲಿನಲ್ಲಿ ಫೋಟೊ ಹೊಡೆದು, ಅದನ್ನು ಖೈರುನಬಿಯ ವಾಟ್ಸಾಪಿಗೆ ಕಳಿಸಿ, ಕೆಲಸ ಮುಗಿಯಿತೆಂದು ಊಟಕ್ಕೆ ಹೋಗಿದ್ದ. ಫೋಟೊದಲ್ಲಿ ಅವನ ಹೆಬ್ಬೆರಳೂ ಬಂದಿತ್ತು. ಇಂದು ಅವನಿಗೆ ಪಾಸ್‌ವರ್ಡೂ ಮರೆತಿದೆ. ಈ ತಿಂಗಳಲ್ಲಿ ಇದು ನಾಲ್ಕನೇ ಸಲ.

ಹಾಗಂತ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವುದಿಲ್ಲವೇ? ಕಲಿಸುತ್ತಾರೆ, ವಾರಕ್ಕೆ ಮೂರು ತಾಸು. ಆದರೆ ಅದು ನಡೆಯುವುದು ಬೇರೆ ಕೊಠಡಿಯಲ್ಲಿ, ನೋಟ್ಸ್ ಬರೆಸುವ ಮೂಲಕ. "ಮೌಸ್ ಎಂದರೇನು? ಅದರ ಉಪಯೋಗಗಳನ್ನು ವಿವರಿಸಿ" ಎಂಬ ಐದು ಅಂಕದ ಪ್ರಶ್ನೆಗೆ ಮಕ್ಕಳು ಒಂದೂವರೆ ಪುಟ ಉತ್ತರ ಬರೆದು ಪಾಸಾಗಿದ್ದಾರೆ. ಮೌಸ್ ಮುಟ್ಟಿಯೇ ಇಲ್ಲ. ಇದನ್ನು ಕೇಳಿ ನನಗೆ ತಲೆ ಚಚ್ಚಿಕೊಳ್ಳಬೇಕು ಎನಿಸಿತು. ಖೈರುನಬಿಗೆ ಅಷ್ಟು ಪುರುಸೊತ್ತಿಲ್ಲ. ಅವರು ಅಝೀಮನ ಕೈಮೇಲೆ ತಮ್ಮ ಕೈಯಿಟ್ಟು ಮೌಸ್ ನೂಕುತ್ತಾ, ಇನ್ನೊಂದು ಸಲ ಮರೆತು ಬಂದರೆ ಐದು ಕೋಣೆಗಳ ಕಸ ಹೊಡೆಸುವುದಾಗಿ ಹೇಳುತ್ತಾರೆ.

ಕಸ ಹೊಡೆಯುವುದೇ ಅವರ ಅಸಲು ಕೆಲಸ. ಹತ್ತೊಂಬತ್ತು ವರ್ಷಗಳ ಹಿಂದೆ ಸ್ವಚ್ಛತೆಗೆಂದು ಹೊರಗುತ್ತಿಗೆಯಲ್ಲಿ ಸೇರಿದವರು. ಆದೇಶದಲ್ಲಿ ಇವತ್ತಿಗೂ ಅದೇ ಇದೆ. ತವರು ಮುಂಡರಗಿ. ಪಿಯುಸಿ ಮುಗಿಸಿ, ಬೆಟಗೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಟೈಪಿಂಗ್ ಕಲಿತಿದ್ದರು. ಕಾಲೇಜಿಗೆ ಕಂಪ್ಯೂಟರುಗಳು ಬಂದಾಗ, ಕೆಟ್ಟರೆ ಯಾರು ಹೊಣೆ ಎಂಬ ಭಯಕ್ಕೆ ಎರಡು ವರ್ಷ ಬೀಗ ಹಾಕಿಟ್ಟಿದ್ದರಂತೆ. ಧೂಳು ಒರೆಸಲು ಒಳಗೆ ಬಿಟ್ಟದ್ದು ಇವರೊಬ್ಬರನ್ನೇ. "ಒರಸಕೋತ ಒರಸಕೋತ ಕಲ್ತೆ ನೋಡ್ರಿ" ಎಂದು ನಗುತ್ತಾರೆ. ದಿನಕ್ಕೆ ಸರಾಸರಿ ಮೂವತ್ತು ಮಕ್ಕಳು, ಅರ್ಜಿಯ ಕಾಲದಲ್ಲಿ ಎಂಬತ್ತು. ಕಾಲೇಜಿನ ವಾರ್ಷಿಕ ವರದಿಯಲ್ಲಿ ಈ ಕೋಣೆಗೆ 'ಡಿಜಿಟಲ್ ನೆರವು ಕೇಂದ್ರ' ಎಂಬ ಹೆಸರಿದೆ. ಖೈರುನಬಿಯ ಹೆಸರಿಲ್ಲ.

ಅವರನ್ನು ಹೆಚ್ಚು ರೇಗಿಸುವುದು ಮರೆಗುಳಿ ಹುಡುಗರಲ್ಲ. ಈ ಭಾಗದಲ್ಲೊಂದು ರೂಢಿಯಿದೆ: ಹೆಣ್ಣುಮಕ್ಕಳ ಫೋನ್ ನಂಬರನ್ನು ಯಾವ ಅರ್ಜಿಯಲ್ಲೂ ಬರೆಯುವುದಿಲ್ಲ. ಹುಡುಗಿಯ ಕೈಯಲ್ಲಿ ಫೋನಿದ್ದರೂ ಅರ್ಜಿಯಲ್ಲಿ ಅಪ್ಪ, ಕಾಕಾ, ಮಾವ ಯಾರದಾದರೂ ನಂಬರ್ ಇರುತ್ತದೆ. ಪೋರ್ಟಲ್ ತೆರೆಯಲು ಬೇಕಾದ ಆರು ಅಂಕಿಯ ಓಟಿಪಿ ಹೋಗುವುದು ಆ ಮಾವನ ಕಿಸೆಗೆ.

ಕಳೆದ ವರ್ಷ ಮಾಗಡಿಯ ಶಿವರಂಜನಿಗೆ ಆದದ್ದೂ ಇದೇ. ಬಿ.ಎ. ಕೊನೆಯ ವರ್ಷ. ಮೂರು ದಿನ ಮಲಗಿದ್ದ ಪೋರ್ಟಲ್ ಪರೀಕ್ಷಾ ಅರ್ಜಿಯ ಕೊನೆಯ ದಿನ ಎದ್ದಿತು, ಅಪರೂಪಕ್ಕೆ ಹತ್ತರ ನಂತರವೂ ಎಚ್ಚರವಿತ್ತು. ಸಂಜೆ ಐದಕ್ಕೆ ಮುಚ್ಚುವುದಿತ್ತು, ತಪ್ಪಿದರೆ ವರ್ಷವೇ ಹೋದಂತೆ. ಅವಳ ಅರ್ಜಿಯಲ್ಲಿದ್ದದ್ದು ಬಿಂಕದಕಟ್ಟಿಯ ಸೋದರಮಾವ ಯಮನೂರಪ್ಪನ ನಂಬರ್. ಫೋನ್ ಮಾಡಿದರೆ ಆತ ಓಟಿಪಿ ಹೇಳಲು ಒಪ್ಪಲೇ ಇಲ್ಲ. ಬ್ಯಾಂಕಿನವರು ಊರಿಗೆ ಬಂದು, ಯಾರು ಕೇಳಿದರೂ ಹೇಳಬೇಡಿ, ಈಗ ಮನೆಯವರ ದನಿಯನ್ನೇ ಮಾಡಿ ಕೇಳುವ ಕಳ್ಳರಿದ್ದಾರೆ ಎಂದು ತಿಳಿಹೇಳಿ ಹೋಗಿದ್ದರಂತೆ. ಸೊಸೆ ಅತ್ತಳು. ಅಳುವಿನ ದನಿಯನ್ನೂ ಮಾಡುತ್ತಾರೆಂದು ಫೋನ್ ಇಟ್ಟ. ಅವಳ ಅಪ್ಪ ಮಾಡಿದರೂ ಅದೇ ಉತ್ತರ. ಇಡೀ ಜಿಲ್ಲೆಯಲ್ಲಿ ಒಬ್ಬನಾದರೂ ಪಾಠವನ್ನು ಸರಿಯಾಗಿ ಕಲಿತಿದ್ದ, ಅದೂ ಆವತ್ತೇ ಅಡ್ಡ ಬರಬೇಕೆ?

ಖೈರುನಬಿ ಕೋಣೆಗೆ ಬೀಗ ಜಡಿದು, ಹುಡುಗಿಯನ್ನು ಕರೆದುಕೊಂಡು ಗದಗದ ಬಸ್ಸು ಹತ್ತಿದರು. ಅಲ್ಲಿಂದ ಆಟೊ. ಮೂರು ಗಂಟೆಗೆ ಬಿಂಕದಕಟ್ಟಿಯ ಹೊಲದಲ್ಲಿ ಮೆಣಸಿನ ಗಿಡಕ್ಕೆ ಔಷಧ ಹೊಡೆಯುತ್ತಿದ್ದ ಯಮನೂರಪ್ಪನ ಎದುರು ನಿಂತರು. ಸೊಸೆಯ ಮುಖ ಕಂಡಮೇಲೆ ಆತ ಓಟಿಪಿ ತೋರಿಸಿದ, ಖೈರುನಬಿಯ ಮೊಬೈಲಿನಲ್ಲೇ ಅರ್ಜಿ ಹೋಯಿತು. ಆದರೆ ನಂಬರನ್ನೂ ಬದಲಿಸುತ್ತೇವೆ, ಇನ್ನೊಮ್ಮೆ ಓಟಿಪಿ ಕೊಡಿ ಎಂದಾಗ ಫೋನನ್ನು ಕಿಸೆಗೆ ಇಳಿಸಿದ. ಹುಡುಗಿಯ ನಂಬರ್ ಕಂಡವರ ಕೈಗೆ ಹೋಗುವುದು ಅವನಿಗೆ ಸರಿಕಾಣಲಿಲ್ಲ.

"ಅಣ್ಣಾರ, ಫೋನಿನ್ಯಾಗ ಹೇಳಲಿಲ್ಲ, ಭಾಳ ಚಲೋ ಮಾಡಿದ್ರಿ" ಎಂದರು ಖೈರುನಬಿ. "ಆದ್ರ ನೀವು ಕಾಯಾಕ ಹತ್ತಿದ್ದು ನಿಮ್ಮದಲ್ಲ. ಅಕೀದು. ಅಕಿನೂ ನಿಮ್ಮಂಗ ಕಾಯ್ತಾಳ, ಕೊಡ್ರಿ."

ಆತ ಬದುವಿನ ಮೇಲೆ ಕೂತನಂತೆ. ಕೊನೆಗೆ ಕಿಸೆಯಿಂದ ಫೋನ್ ತೆಗೆದು ಸೊಸೆಯ ಕೈಗಿಟ್ಟ. ಶಿರಹಟ್ಟಿಗೆ ಮರಳಿದಾಗ ಖೈರುನಬಿಗೆ ಕಾದಿದ್ದದ್ದು, ಕೆಲಸದ ವೇಳೆಯಲ್ಲಿ ಹೇಳದೆ ಹೋದದ್ದಕ್ಕೆ ಒಂದು ನೋಟಿಸು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತಿದೆ.

ನಾವು ಮಾತಾಡುತ್ತಿರುವಾಗಲೇ ಶಿವರಂಜನಿ ಬರುತ್ತಾಳೆ. ಬಿ.ಎ. ಪಾಸಾಗಿದ್ದಾಳೆ, ಈಗ ಎಂ.ಎ.ಗೆ ಅರ್ಜಿ ಹಾಕಬೇಕು. ಅವಳ ಫೋನ್ ಸದ್ದು ಮಾಡುತ್ತದೆ. ಖೈರುನಬಿ ರೂಢಿಬಲದಿಂದ ಕೀಲಿಮಣೆಯ ಮೇಲೆ ಬೆರಳಿಟ್ಟು, ಅಂಕಿ ಹೇಳು ಎನ್ನುತ್ತಾರೆ. ಹುಡುಗಿ ಫೋನಿಗೆ ಅಂಗೈ ಮರೆ ಮಾಡಿ, ಕೀಲಿಮಣೆಯನ್ನು ತನ್ನತ್ತ ಎಳೆದುಕೊಳ್ಳುತ್ತಾಳೆ. "ನಾನ ಹಾಕ್ಕೋತೇನ್ರಿ ಅಕ್ಕಾರ."

ಖೈರುನಬಿ ಕೈ ಹಿಂದಕ್ಕೆ ತೆಗೆಯುತ್ತಾರೆ. ಜಲ್ದಿ ಹಾಕು, ಪೋರ್ಟಲ್ ಮಲಗೀತು ಎಂದು ಗದರುತ್ತಾರೆ. ಪತ್ರಿಕೆಯ ಮೂಲಕ ಯಾರಿಗಾದರೂ ಏನಾದರೂ ಕೇಳಿಕೊಳ್ಳುವುದಿದೆಯೇ, ಹುದ್ದೆ ಖಾಯಂ ಮಾಡಿ ಎಂದು ಬರೆಯಲೇ ಎಂದು ನಾನು ವಿಚಾರಿಸುತ್ತೇನೆ. ಅವರ ಕಣ್ಣು ಹುಡುಗಿಯ ಬೆರಳುಗಳ ಮೇಲೇ ಇದೆ.

"ಅದೆಲ್ಲಾ ಇರಲಿ ಬಿಡ್ರಿ. ಅಕಿ ನನಗೂ ಹೇಳಲಿಲ್ಲ, ಅದನ್ನ ಬರೀರಿ."