ಮೋಲ್ಡಿನ ದಿನ ಇಲ್ಲವಾದ ಆ್ಯಪ್

ಕಿತಾಪತಿ ನನ್ನದೇ. ಲ್ಯಾಪ್‌ಟಾಪ್ ಚುರುಕಾಗಲಿ ಎಂದು, ನಮ್ಮ ಸೂಪರ್‌ವೈಸರ್ ಅಕ್ಕ ಕಾಮಗಾರಿಯ ವಿವರ ನೋಡುತ್ತಿದ್ದ ಆ್ಯಪನ್ನು ಅಳಿಸಿ, ‘ಬ್ರೌಸರಿನಲ್ಲೇ ನೋಡ್ಕೊಳ್ಳಿ’ ಎಂದು ಬೀಗಿದ, ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಮಹಾಜ್ಞಾನಿ ನಾನು.

ಕಾಂಕ್ರೀಟ್ ಹಾಕುವ ಮೊದಲು ಅಕ್ಕ ಸೆರಗು ಸಿಕ್ಕಿಸಿ, ಸಿಮೆಂಟ್ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಎಂಜಿನಿಯರ್ ಸೂಚನೆ ಓದುತ್ತಾ ಒಂದೊಂದೇ ಕಂಬಿ ಮುಟ್ಟುತ್ತಿದ್ದರು. ‘ನೋಡ್ಬುಟ್ಟು ಸುರೀರಪ್ಪ’ ಎನ್ನುತ್ತಿದ್ದರು. ಆ ಮಾತನ್ನು ಆಫೀಸಿನಲ್ಲಿ ಅಣಕಿಸಿ ನಾನು ಚಪ್ಪಾಳೆ ಗಿಟ್ಟಿಸುತ್ತಿದ್ದೆ.

ಹಂಪಾಪುರದ ಶಾಲೆಯ ಚಾವಣಿಗೆ ಮೋಲ್ಡ್ ಹಾಕುವ ದಿನ ನೆಟ್‌ವರ್ಕ್ ಸತ್ತಿತು. ಆ್ಯಪ್ ಇದ್ದಿದ್ದರೆ ನೆಟ್ ಇಲ್ಲದೆಯೂ ಸೂಚನೆ ತೋರಿಸುತ್ತಿತ್ತು. ಬ್ರೌಸರ್ ಬರೀ ಬಿಳಿ. ಕಲಸಿದ ಕಾಂಕ್ರೀಟ್ ಬಿಸಿಲಲ್ಲಿ ಬಿದ್ದಿತ್ತು. ಅಕ್ಕನ ಮೂಗು ಕೆಂಪಾಯಿತು.

‘ಆ್ಯಪ್, ಬ್ರೌಸರ್ ಎರಡೂ ಒಂದೇ ಕಣಕ್ಕ, ಸ್ವಲ್ಪ ತಡೀರಿ’ ಎಂದೆ, ಪಕ್ಕದಲ್ಲೇ ನಿಂತು.

ಲ್ಯಾಪ್‌ಟಾಪ್ ಪಟಾರನೆ ಮುಚ್ಚಿದರು. ‘ನಂಗ್ಯಾಕ್ಲಾ ಯೋಳ್ತೀಯ? ನೆಟ್‌ವರ್ಕ್ ಬರೋಗಂಟ ಗಟ್ಟಿಯಾಗ್ಬೇಡ ಅಂತ ಆ ಕಾಂಕ್ರೀಟ್‌ಗೆ ಯೋಳು ಓಗು!’