ಬೇರೆ ಡಿಸ್ಕಿಗೆ ಹೋದ ಲಾರಿ

ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟ ನನಗೆ ಹಿಡಿಸಿದ್ದು ನಲವತ್ತಮೂರನೆಯ ವಯಸ್ಸಿನಲ್ಲಿ, ಕಾಲು ಮುರಿದುಕೊಂಡು ಮಲಗಿದ್ದಾಗ. ತಮಿಳು ಸೀಮೆಯ ಓಡೈಪಟ್ಟಿಯ ನಮ್ಮ ದ್ರಾಕ್ಷಿ ತೋಟದಲ್ಲಿ ಬಳ್ಳಿಯ ಹಳೆ ಕಡ್ಡಿ ಕತ್ತರಿಸುತ್ತಿದ್ದವಳು ಸ್ಟೂಲಿನಿಂದ ಜಾರಿ ಬಿದ್ದೆ. ಮೂರು ತಿಂಗಳು ಮಂಚ. ಹತ್ತಿರದ ಪೇಟೆ ಚಿನ್ನಮನೂರಿನಲ್ಲಿ ಮದುವೆ ವಿಡಿಯೊ ಮಾಡುತ್ತಿದ್ದ ಸ್ಟುಡಿಯೊ ಒಂದು ಮುಚ್ಚಿದಾಗ, ಅಲ್ಲಿದ್ದ ಹಳೆ ಕಂಪ್ಯೂಟರನ್ನು ನನ್ನ ಗಂಡ ತಂದು ಮಂಚದ ಪಕ್ಕಕ್ಕಿಟ್ಟರು.

ಕಾಲು ಕೂಡಿತು. ಆಟ ಬಿಡಲಿಲ್ಲ. ಊರಿಗೆ ಅಡ್ಡ ಬಂದದ್ದು ಅದೇ. ಮಲಗಿದ ಹೆಂಗಸು ಏನಾದರೂ ಆಡಿಕೊಳ್ಳಲಿ, ಎದ್ದು ಓಡಾಡುವ ಹೆಂಗಸು ಆಡಬಾರದು.

ಪಕ್ಕದ ಮನೆಯಲ್ಲೇ ಇರುವ ಗಂಡನ ಅಣ್ಣ, ನನ್ನ ಭಾವ, ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದರು: "ಕಾಲು ಸರಿ ಆಯ್ತಲ್ಲ, ಇನ್ನೂ ಎದಕ್ಕೆ ಈ ಆಟ? ಮಗ್ಳು ಮದ್ವೆಗೆ ನಿಂತವ್ಳೆ, ತಾಯಿ ಲಾರಿ ಓಡಿಸ್ತಾ ಕುಂತವ್ಳೆ."

"ನೀವು ದಿನಾ ಸಾಯಂಕಾಲ ಇಸ್ಪೀಟು ಆಡ್ತೀರಲ್ಲ ಭಾವ, ಅದಕ್ಕೆ ಯಾರಾನಾ ಕೇಳವ್ರಾ?" ಅಂದೆ.

ನಿಜ ಹೇಳಬೇಕೆಂದರೆ ನಾನೊಬ್ಬಳೇ ಆಡುತ್ತಿರಲಿಲ್ಲ. ಎಪ್ಪತ್ತು ದಾಟಿದ ನನ್ನ ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ತೀರಿಹೋದ ಮಾವ ದ್ರಾಕ್ಷಿ ತುಂಬಿದ ಲಾರಿಯನ್ನು ಕುಮಳಿ ಘಾಟಿ ಹತ್ತಿಸಿ ಕೇರಳಕ್ಕೆ ಒಯ್ಯುತ್ತಿದ್ದವರು. ಒಂದೇ ಒಂದು ಸಲ ನನ್ನನ್ನೂ ಕರೆದೊಯ್ಯಿರಿ ಎಂದು ಅತ್ತೆ ಕೇಳಿದ್ದರಂತೆ. ಹೆಂಗಸು ಹತ್ತುವ ಗಾಡಿಯಲ್ಲ ಅದು ಎಂದು ಅವರು ಕರೆದೊಯ್ಯಲೇ ಇಲ್ಲ. ಆಟದಲ್ಲಿ ನಾವು ಕೊಂಡ ಲಾರಿಗೆ ಹಸಿರು ಬಣ್ಣ ಆರಿಸಿದ್ದು ಅತ್ತೆ. ಮಂಜು ಸುರಿಯುವ ದೇಶಗಳ ರಸ್ತೆಯಲ್ಲಿ ನಾನು ಓಡಿಸುವುದು, ಅವರು "ಮೆಲ್ಲಗೆ, ಮುಂದೆ ವಳವು ಐತೆ" ಎಂದು ತಿರುವನ್ನು ಎಚ್ಚರಿಸುವುದು. ಹೀಗೆ ಒಂದು ವರ್ಷದಲ್ಲಿ ನಮ್ಮದು ನಾಲ್ಕು ಲಾರಿ, ಒಂದು ಶೆಡ್ಡು.

ಆಮೇಲೆ ಆಟಕ್ಕೊಂದು ಅಪ್‌ಡೇಟ್ ಬಂತು. ಅದನ್ನು ಹಾಕದೆ ಆಟ ತೆರೆಯುವುದಿಲ್ಲ, ಹಾಕಲು ಡಿಸ್ಕಿನಲ್ಲಿ ಜಾಗವಿಲ್ಲ. ಎರಡನೆಯ ಡಿಸ್ಕು ತರಿಸಿ ಕೂರಿಸಿಕೊಂಡು, ಆಟದ ಫೋಲ್ಡರನ್ನು ನಾನೇ ಕಟ್ ಮಾಡಿ ಅಲ್ಲಿಗೆ ಪೇಸ್ಟ್ ಮಾಡಿದೆ. ಆಟಗಳನ್ನು ಸಾಲಾಗಿ ತೋರಿಸಿ ಅಲ್ಲಿಂದಲೇ ತೆರೆಯುವ ಲಾಂಚರ್ ಇದೆಯಲ್ಲ, ಅದನ್ನು ತೆರೆದರೆ "ಪ್ಲೇ" ಮಾಯ. ಆ ಜಾಗದಲ್ಲಿ "ಇನ್‌ಸ್ಟಾಲ್" ಎಂದಿತ್ತು.

"ಲಾರಿ ಎಲ್ಲಿ?" ಎಂದರು ಅತ್ತೆ.

"ಇಲ್ಲೇ ಐತೆ ಅತ್ತೆ. ಇದಕ್ಕೆ ಕಾಣಿಸ್ತಾ ಇಲ್ಲ."

"ನಂಗೆ ಕನ್ನಡಕ ಇಲ್ದೆ ಕಾಣ್ಸಲ್ಲ. ಅದಕ್ಕೇನ್ ಬಂತು ಕೇಡು?"

ಎಲ್ಲವನ್ನೂ ಹೊಸದಾಗಿ ಇಳಿಸಿಕೊಳ್ಳೋಣವೆಂದರೆ ನಮಗಿರುವುದು ಫೋನಿನ ನೆಟ್ಟು, ವಾರಗಟ್ಟಲೆ ಹಿಡಿಯುತ್ತದೆ. ಡಿಸ್ಕು ಕೊಟ್ಟ ಅಂಗಡಿಯವರಿಗೆ ಫೋನ್ ಮಾಡಿದೆ. ಅವರು ತಮಿಳಿನಲ್ಲಿ, "ಯಾರ ಆಟ ಅಕ್ಕಾ, ಮಗನದಾ?" ಎಂದರು.

"ನನ್ನದು."

"ಓ, ನಿಮ್ಮದಾ?" ಎಂದರು. ಆಮೇಲೆ, "ತಂದುಬಿಡಿ, ಪೂರ್ತಿ ಅಳಿಸಿ ಹೊಸದಾಗಿ ಹಾಕಿಕೊಡ್ತೀನಿ. ಆಡಿದ್ದೆಲ್ಲ ಹೋಗುತ್ತೆ. ಆಟ ತಾನೇ ಅಕ್ಕಾ, ಮೊದಲಿಂದ ಆಡ್ಕೊಳ್ಳಿ."

ಆಟ ತಾನೇ! ಅತ್ತೆಯ ನಾಲ್ಕು ಲಾರಿಗಳನ್ನು ಆತ ಒಂದು ಮಾತಿನಲ್ಲಿ ಗುಡಿಸಿ ಹಾಕಿದ್ದ. ತರುವುದಿಲ್ಲ ಎಂದು ಫೋನಿಟ್ಟೆ. ಫೋಲ್ಡರನ್ನು ಇದ್ದಲ್ಲೇ ವಾಪಸ್ ಇಡು, ಆಟ ನಿಂತರೆ ನಿಲ್ಲಲಿ ಎಂದರು ಗಂಡ. ಅದಕ್ಕೂ ಒಲ್ಲೆ ಎಂದೆ. ಬಿದ್ದ ಸ್ಟೂಲನ್ನೇ ಮತ್ತೆ ಹತ್ತಿದವಳು ನಾನು.

ಬೆಳಗಿನ ಅಡುಗೆ ಮುಗಿಸಿ ಕೂತೆ. ಹೊಸ ಡಿಸ್ಕಿನ ಹೆಸರನ್ನು ಲಾಂಚರಿಗೆ ತೋರಿಸಿದೆ, ಜಪ್ಪಯ್ಯ ಅಂದರೂ ಅದು ಒಪ್ಪಲಿಲ್ಲ. ಯೋಚಿಸಿದಾಗ ಹೊಳೆಯಿತು: ಆಟವನ್ನು ಅಲ್ಲಿ ತಾನೇ ಇಟ್ಟೆನೆಂದು ಅದಕ್ಕೆ ಅನ್ನಿಸಬೇಕು. ನನ್ನ ಫೋಲ್ಡರಿನ ಹೆಸರು ಬದಲಿಸಿ ಪಕ್ಕಕ್ಕಿಟ್ಟೆ. "ಇನ್‌ಸ್ಟಾಲ್" ಒತ್ತಿ, ಹೊಸ ಡಿಸ್ಕನ್ನು ಆರಿಸಿದೆ. ಅದು ತನ್ನದೊಂದು ಫೋಲ್ಡರ್ ಮಾಡಿಕೊಂಡು ಇಳಿಸತೊಡಗಿದ ಕೂಡಲೇ ನಿಲ್ಲಿಸಿ, ಲಾಂಚರ್ ಮುಚ್ಚಿ, ನನ್ನದನ್ನು ಅದರೊಳಕ್ಕೆ ಹಾಕಿ, ಮತ್ತೆ ತೆರೆದು ಮುಂದುವರಿಸಿದೆ. ಹಾಳಾದ್ದು ಮೊದಲಿನಿಂದಲೇ ಇಳಿಸತೊಡಗಿತು! ನಾನು ನೋಡುವಷ್ಟರಲ್ಲಿ ಆ ದಿನದ ನೆಟ್ಟು ಖಾಲಿ.

ಅತ್ತೆ ಕಾಫಿ ತಂದುಕೊಟ್ಟರು. ಕುಡಿಯುತ್ತಾ ನೋಡಿದರೆ ತಪ್ಪು ಕಂಡಿತು. ಫೋಲ್ಡರಿನೊಳಗಿನ ಫೈಲುಗಳನ್ನು ಹಾಕುವ ಬದಲು ಫೋಲ್ಡರನ್ನೇ ಫೋಲ್ಡರಿನೊಳಗೆ ತುರುಕಿದ್ದೆ.

ಮರುದಿನ ಫೈಲುಗಳನ್ನಷ್ಟೇ ಹೊರತೆಗೆದು ಸರಿಯಾದ ಜಾಗಕ್ಕೆ ಸುರಿದೆ. ಮುಂದುವರಿಸಿದಾಗ ಲಾಂಚರ್ ಇಳಿಸಲಿಲ್ಲ. ಇರುವ ಫೈಲುಗಳನ್ನು ಒಂದೊಂದಾಗಿ ಪರಿಶೀಲಿಸುತ್ತಿದ್ದೇನೆ ಎಂದಿತು. ಪಟ್ಟಿ ನಿಧಾನಕ್ಕೆ ತುಂಬಿತು. ಅಪ್‌ಡೇಟನ್ನಷ್ಟೇ ಇಳಿಸಿಕೊಂಡು, ಕೊನೆಗೆ "ಪ್ಲೇ" ತೋರಿಸಿತು. ಒತ್ತಿದೆ. ಶೆಡ್ಡಿನಲ್ಲಿ ನಾಲ್ಕೂ ಲಾರಿ ನಿಂತಿದ್ದವು.

"ಅದೇ! ನಮ್ದೇ!" ಅತ್ತೆ ನನ್ನ ತೋಳು ಹಿಡಿದು ಅಲುಗಿಸಿದರು. ನನಗೆ ಜೋರಾಗಿ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ನಾವು ಸರಕು ತುಂಬಿಕೊಂಡು ಹೊರಟಾಗಲೇ ಭಾವ ಬಂದರು. ಕೆಟ್ಟುನಿಂತ ತೋಟದ ಮೋಟಾರಿನ ಮಾತು ಎತ್ತಬೇಕಿತ್ತೇನೋ, ಪರದೆ ನೋಡಿ ಮುಖ ಗಂಟಿಕ್ಕಿ, "ಅವ್ವಾ, ನೀನೂನಾ? ಊರು ನಗ್ತದೆ" ಎಂದರು.

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಗ್ಲಿ. ನಿಮ್ಮಪ್ಪನ ಲಾರಿಗೆ ನನ್ನ ಏರ್‍ಸ್ಲಿಲ್ಲ. ಇದಕ್ಕೆ ಏರಿವ್ನಿ, ಯಾರ್ ಅಂದ್ರೂ ಇಳ್ಯಲ್ಲ. ಮಾತಿದ್ರೆ ಕುಂತ್ಕೊ, ಸರಕು ಇಳ್ಸಿದ್ ಮ್ಯಾಲೆ ಕೇಳ್ತೀನಿ."

ಭಾವ ಕೂರಲಿಲ್ಲ, ಹೊರಟುಹೋದರು. ಮೋಟಾರನ್ನು ಸಂಜೆ ನಾನೇ ಹೋಗಿ ನೋಡಿದೆ.

ಮುಂದಿನ ಸೋಮವಾರ ಚಿನ್ನಮನೂರಿಗೆ ಹೋದಾಗ ಬೇಕೆಂದೇ ಆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಅಳಿಸದೆಯೇ ಆಯಿತು ಎಂದು ಹೇಳಿ, ಹೇಗೆ ಎಂಬುದನ್ನೂ ಹೇಳಿದೆ. ಅಂಗಡಿಯವರು ನಡುವೆ ತಡೆದು, "ಸ್ವಲ್ಪ ಮೆಲ್ಲಗೆ ಹೇಳಿ ಅಕ್ಕಾ" ಎಂದು ಬಿಲ್ಲಿನ ಹಿಂದೆ ಬರೆದುಕೊಂಡರು. ಫೋಲ್ಡರಿನೊಳಗೆ ಫೋಲ್ಡರ್ ಇಡಬೇಡಿ ಎಂಬುದನ್ನು ಎರಡು ಸಲ ಬರೆಸಿದೆ.