ಐದನೇ ಮಹಡಿಯ ಪಾಲು

ಕುವೈತಿನ ಅಬು ಹಲೀಫಾದ ನಮ್ಮ ಕಟ್ಟಡದಲ್ಲಿ ಆ ಬೇಸಿಗೆಯಲ್ಲಿ ಜಗಳವಿದ್ದದ್ದು ಕರೆಂಟಿನ ವಿಷಯಕ್ಕೆ. ಕೆಳಗಿನ ಮುಖ್ಯ ಮೀಟರಿಗೂ ನಮ್ಮ ಫ್ಲ್ಯಾಟುಗಳ ಮೀಟರುಗಳ ಮೊತ್ತಕ್ಕೂ ತಾಳೆಯಾಗುತ್ತಿರಲಿಲ್ಲ. ಒಂದಿಷ್ಟು ಕರೆಂಟು ದಾರಿಯಲ್ಲೇ, ತಂತಿಗಳಲ್ಲೇ ನಷ್ಟವಾಗುತ್ತಿತ್ತು. ಅದನ್ನು ಹೇಗೆ ಹಂಚಿಕೊಳ್ಳಬೇಕೆಂಬುದನ್ನು ಮಾಲೀಕ ನಮಗೇ ಬಿಟ್ಟಿದ್ದ.

ಶುಕ್ರವಾರ ಸಂಜೆ ಮೊದಲನೇ ಮಹಡಿಯ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದರು. ಸಮಪಾಲು ಮಾಡೋಣ ಎಂದರು ಕೆಲವರು. ಎರಡನೇ ಮಹಡಿಯ ಉಡುಪಿ ಕಡೆಯ ಅಕೌಂಟೆಂಟ್ ಒಪ್ಪಲಿಲ್ಲ.

"ವಯರ್ ಉದ್ದ ಆದಷ್ಟು ಲಾಸ್ ಜಾಸ್ತಿ ಅಲ್ವಾ ಮಾರ್ರೆ? ಮೇಲಿದ್ದವರದ್ದು ಉದ್ದ ಉಂಟು. ನಾನೆಂತಕ್ಕೆ ಕೊಡುವುದು?"

ಮಾತು ನ್ಯಾಯವಾಗಿಯೇ ಕೇಳಿಸಿತು.

ಐದನೇ ಮಹಡಿಯಲ್ಲಿದ್ದದ್ದು ಮಂಗಳೂರಿನ ಬ್ಯಾರಿ ದಂಪತಿ. ಗಂಡನಿಗೆ ಅಹ್ಮದಿಯಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಅವನ ಬದಲು ಹೆಂಡತಿ ಬಂದಿದ್ದಳು.

"ಲಾಸ್ ಕೊಡ್ತೇವೆ ಅಣ್ಣ. ಆದ್ರೆ ನಮ್ಮ ಅಡಿಗೆಮನೆ ಗೋಡೆ ಒಮ್ಮೆ ಮುಟ್ಟಿ ನೋಡಿ. ಸುಡ್ತದೆ."

"ಜುಲೈಯಲ್ಲಿ ಕುವೈತಲ್ಲಿ ತಣ್ಣಗಿರುವ ಗೋಡೆ ಎಲ್ಲುಂಟು ತಂಗಿ? ಸಿಕ್ಕಿದ್ರೆ ಹೇಳು, ನಾವೂ ಬಂದು ಒರಗ್ತೇವೆ," ಎಂದರು ಅಕೌಂಟೆಂಟ್.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಕೇಬಲ್ ಮೇಲೇರುವ ಕಿಂಡಿ ಆ ಗೋಡೆಯ ಹಿಂದೆಯೇ ಇತ್ತು. ತಂತಿಯಲ್ಲಿ ನಷ್ಟವಾದ ವಿದ್ಯುತ್ ಶಾಖವಾಗುತ್ತದೆಂದು ಕಾಲೇಜಿನಲ್ಲಿ ಓದಿದವರು ಅಲ್ಲಿ ನಾಲ್ಕೈದು ಮಂದಿಯಾದರೂ ಇದ್ದೆವು. ನಷ್ಟ ಯಾರ ಲೆಕ್ಕಕ್ಕೆ ಎಂದು ಮಾತಾಡಿದೆವು. ಎಲ್ಲಿ ಆಗುತ್ತಿದೆ ಎಂದು ಯಾರೂ ಕೇಳಲಿಲ್ಲ.

ಮೇಲಿದ್ದವರಿಗೆ ಹೆಚ್ಚು ಎಂದೇ ತೀರ್ಮಾನವಾಯಿತು. ಪಾಲು ಹೆಚ್ಚಾದ ಮೇಲೆ ಅವಳು ಗಂಡ ಮಲಗುವ ಕೋಣೆಗೆ ಮಾತ್ರ ಎಸಿ ಹಾಕಿ, ಮಧ್ಯಾಹ್ನ ಮಗುವನ್ನೆತ್ತಿಕೊಂಡು ನಮ್ಮಲ್ಲಿಗೆ ಬರತೊಡಗಿದಳು. ಹಾಗೆ ಬಂದಿದ್ದ ಒಂದು ದಿನ ಕರೆಂಟು ಹೋಯಿತು. ಸರದಿಯ ಕಡಿತವಿರಬೇಕು ಎಂದುಕೊಂಡೆವು. ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಬಾಗಿಲು ತೆರೆದರೆ ಮೆಟ್ಟಿಲ ತುಂಬ ಕಪ್ಪು ಹೊಗೆ.

ಮಗುವನ್ನು ನನ್ನ ಕೈಗೆ ಹಾಕಿ ಅವಳು ಮೇಲಕ್ಕೆ ಓಡಿದಳು. ಕಟ್ಟಡದ ಕಾವಲುಗಾರ ಹೊಗೆಯೊಳಗೆ ನುಗ್ಗಿ, ತೋಳು ಹಿಡಿದು ಎಳೆದು ತಂದ. ಬೀದಿಗೆ ಬಂದವಳು ಗಂಡನಿಗೆ ಫೋನ್ ಮಾಡುತ್ತಲೇ ಇದ್ದಳು.

"ಸೈಲೆಂಟಲ್ಲಿಟ್ಟು ಮಲಗ್ತಾರೆ ಅಕ್ಕ. ಅವರಿಗೆ ಗೊತ್ತೇ ಆಗುದಿಲ್ಲ. ಗೊತ್ತೇ ಆಗುದಿಲ್ಲ."

ಅಕೌಂಟೆಂಟ್ ಆ ಸುಡುವ ರಸ್ತೆಯ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಆ ಹೊತ್ತು ನನ್ನ ಪಾಲಿಗೆ ಇನ್ನೂ ಮುಗಿದಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ನಾನು ಮತ್ತೆ ಅಲ್ಲೇ ನಿಂತು ಐದನೇ ಮಹಡಿಯ ಕಿಟಕಿ ನೋಡುತ್ತಿರುತ್ತೇನೆ.

ಅಗ್ನಿಶಾಮಕದವರು ಅವಳ ಗಂಡನನ್ನು ಹೊತ್ತು ತಂದರು. ಮೂಗಿನ ಸುತ್ತ ಮಸಿ. ಉಸಿರಿತ್ತು.

ಬದುಕಿದ. ಆದರೆ ಶ್ವಾಸಕೋಶ ಮೊದಲಿನಂತಾಗಲಿಲ್ಲ. ಕೆಲಸ ಹೋಯಿತು, ಅದರ ಜೊತೆಗೆ ಇಲ್ಲಿರಲು ಬೇಕಾದ ಪರವಾನಗಿ, ಇಕಾಮಾ. ಊರಿಗೆ ಹೊರಟ ದಿನ ಬಾಗಿಲಿನಿಂದ ಟ್ಯಾಕ್ಸಿಯವರೆಗೆ ನಡೆಯುವಷ್ಟರಲ್ಲಿ ಅವನು ಎರಡು ಸಲ ನಿಂತ. ಮಗು ಅವಳ ಸೊಂಟದ ಮೇಲಿತ್ತು. ಪೆಟ್ಟಿಗೆಗಳನ್ನು ಅವಳೇ ಎಳೆದಳು.

"ಊರ ಗಾಳಿ ತಾಗಿದ್ರೆ ಇವರಿಗೆ ಸರಿ ಆಗ್ತದೆ ಅಲ್ವಾ ಅಕ್ಕ?"

ಅವನು ನನ್ನನ್ನೇ ನೋಡುತ್ತಿದ್ದ. ಆಗ್ತದೆ ಎಂದೆ.